ಹೊಟ್ಟೆಯ ಮಾತು ಮಿದುಳಿಗೆ ಕೇಳುತ್ತದೆ, ಕ್ಯಾಪ್ಸೂಲಿನದು?

ಕಳೆದ ತಿಂಗಳು ಹೆಣ್ಣುಮಗಳೊಬ್ಬರು ಬಂದು ನನ್ನ ಮೇಜಿನ ಮೇಲೆ ಮೂರು ಡಬ್ಬಿ ಸಾಲಾಗಿ ಇಟ್ಟರು. ಮೂರೂ ಪ್ರೋಬಯಾಟಿಕ್. ಒಂದರ ಮೇಲೆ ‘5,000 ಕೋಟಿ’ ಎಂದು ದಪ್ಪಕ್ಷರದಲ್ಲಿ ಇತ್ತು. ಅದು ಬೆಲೆಯಲ್ಲ, ಒಂದು ಕ್ಯಾಪ್ಸೂಲಿನಲ್ಲಿರುವ ಬ್ಯಾಕ್ಟೀರಿಯಾಗಳ ಲೆಕ್ಕ.

“ಮನಸ್ಸು ಹಗುರ ಮಾಡೋ ಸೆರೊಟೋನಿನ್ ಶೇ 90ರಷ್ಟು ಹೊಟ್ಟೆಯಲ್ಲೇ ತಯಾರಾಗುತ್ತಂತೆ. ಹೊಟ್ಟೆ ಸರಿ ಮಾಡಿದ್ರೆ ನನ್ನ ಆತಂಕ ಹೋಗಬೇಕು, ಅಲ್ವಾ ಡಾಕ್ಟ್ರೇ?” ಎಂದರು. ಮೂರು ತಿಂಗಳಿಂದ ತಪ್ಪದೆ ನುಂಗುತ್ತಿದ್ದಾರೆ. ಆತಂಕ ಹಾಗೇ ಇದೆ. ಹೊಟ್ಟೆಯುಬ್ಬರ ಮಾತ್ರ ಜಾಸ್ತಿಯಾಗಿದೆ.

ಹೊಟ್ಟೆ, ಕರುಳು, ಲಿವರ್ ನೋಡುವ ವೈದ್ಯನಾದ ನನಗೆ ಈ ಪ್ರಶ್ನೆ ಈಗ ದಿನನಿತ್ಯದ್ದು. ಅದು ಅರ್ಧ ಸರಿ. ತೊಂದರೆ ಕೊಡುವುದೂ ಆ ಸರಿಯಿರುವ ಅರ್ಧವೇ.

ದೇಹದ ಸೆರೊಟೋನಿನ್‌ನ ಬಹುಪಾಲು ಕರುಳಿನ ಒಳಪದರದಲ್ಲಿ ತಯಾರಾಗುವುದು ನಿಜ. ಆದರೆ ಅದು ಮಿದುಳಿಗೆ ಹೋಗುವುದಿಲ್ಲ. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆಗೋಡೆ ಇದೆ. ಸೆರೊಟೋನಿನ್ ಅದನ್ನು ದಾಟಲಾರದು. ಮಿದುಳು ತನಗೆ ಬೇಕಾದಷ್ಟನ್ನು ಊಟದ ಪ್ರೊಟೀನಿನಲ್ಲಿ ಸಿಗುವ ಟ್ರಿಪ್ಟೊಫ್ಯಾನ್‌ನಿಂದ ತಾನೇ ಮಾಡಿಕೊಳ್ಳುತ್ತದೆ. ಕರುಳಿನ ಸೆರೊಟೋನಿನ್‌ಗೆ ಬೇರೆಯೇ ಕೆಲಸ: ಕರುಳನ್ನು ಚಲಿಸುವಂತೆ ಮಾಡುವುದು, ಒಳಗೆ ಕೆಟ್ಟದ್ದೇನೋ ಬಂದಿದೆ ಎಂದು ನರಗಳಿಗೆ ಸುದ್ದಿ ಮುಟ್ಟಿಸುವುದು. ಕೀಮೋಥೆರಪಿಯ ವಾಂತಿಗೆ ಕೊಡುವ ಆಂಡಾನ್ಸೆಟ್ರಾನ್ ಮಾತ್ರೆ ಮುಖ್ಯವಾಗಿ ಈ ಸುದ್ದಿಯನ್ನೇ ತಡೆಯುತ್ತದೆ. ಅದನ್ನು ತಗೊಂಡವರಿಗೆ ಮಲಬದ್ಧತೆ ಆಗುವುದೂ ಅದಕ್ಕೇ.

ಹಾಗಾದರೆ ಹೊಟ್ಟೆಗೂ ಮಿದುಳಿಗೂ ಸಂಬಂಧವೇ ಇಲ್ಲವೇ? ಇದೆ, ಬೇಕಾದಷ್ಟಿದೆ. ಕುತ್ತಿಗೆಯಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ಎಳೆಗಳಲ್ಲಿ ಸುಮಾರು ಶೇ 80ರಷ್ಟು ಕೆಳಗಿನ ಸುದ್ದಿಯನ್ನು ಮೇಲಕ್ಕೆ ಒಯ್ಯುವಂಥವು. ಅಂದರೆ ಮಿದುಳು ಹೊಟ್ಟೆಗೆ ಹೇಳುವುದು ಕಡಿಮೆ, ಅದರಿಂದ ಕೇಳಿಸಿಕೊಳ್ಳುವುದೇ ಹೆಚ್ಚು.

ಇನ್ನು ಕರುಳಿನ ಬ್ಯಾಕ್ಟೀರಿಯಾ ಮಿದುಳನ್ನು ಏನು ಮಾಡಬಲ್ಲವು ಎಂದು ಕಣ್ಣಾರೆ ನೋಡಬೇಕೆಂದರೆ ಲಿವರ್ ವಾರ್ಡಿಗೆ ಬರಬೇಕು. ಸಿರೋಸಿಸ್, ಅಂದರೆ ಲಿವರ್ ಗಾಯಗಟ್ಟಿ ಗಟ್ಟಿಯಾಗುವ ಕಾಯಿಲೆ, ಆದವರೊಬ್ಬರನ್ನು ಮಗ ಕರೆತರುತ್ತಾನೆ. “ಅಪ್ಪ ಹಗಲೆಲ್ಲ ನಿದ್ದೆ, ರಾತ್ರಿ ಓಡಾಟ. ಅಂಗಿಯ ಗುಂಡಿ ಒಂದು ಕಾಜ ತಪ್ಪಿಸಿ ಹಾಕ್ಕೊಳ್ತಾರೆ” ಎನ್ನುತ್ತಾನೆ. ಎರಡೂ ಕೈ ಮುಂದೆ ಚಾಚಿ, ಬರುವ ಗಾಡಿ ನಿಲ್ಲಿಸುವವರ ಹಾಗೆ ಅಂಗೈ ಎತ್ತಿ ಹಿಡಿಯಲು ಹೇಳುತ್ತೇನೆ. ಕೆಲವೇ ಸೆಕೆಂಡಿನಲ್ಲಿ ಮಣಿಕಟ್ಟು ಸಡಿಲಿ ಕೈ ಕೆಳಗೆ ಬೀಳುತ್ತದೆ, ತಕ್ಷಣ ಮೇಲೇಳುತ್ತದೆ, ಮತ್ತೆ ಬೀಳುತ್ತದೆ. ಹಕ್ಕಿ ರೆಕ್ಕೆ ಬಡಿದ ಹಾಗೆ. ಆಮೇಲೆ ಒಂದು ಕಾಗದ ಕೊಡುತ್ತೇನೆ. ಅದರಲ್ಲಿ 1ರಿಂದ 25ರವರೆಗಿನ ಅಂಕಿಗಳು ಚೆಲ್ಲಾಪಿಲ್ಲಿಯಾಗಿರುತ್ತವೆ. ಕ್ರಮವಾಗಿ ಗೆರೆ ಎಳೆದು ಸೇರಿಸಬೇಕು. ಜೀವನವಿಡೀ ಲೆಕ್ಕಪತ್ರ ಬರೆದ ಮನುಷ್ಯ 9ಕ್ಕೆ ಬಂದು ನಿಲ್ಲುತ್ತಾರೆ. 10 ಕಣ್ಣೆದುರೇ ಇರುತ್ತದೆ, ಕಾಣುವುದಿಲ್ಲ.

ಇದಕ್ಕೆ ಒಂದು ಮುಖ್ಯ ಕಾರಣ ಅಮೋನಿಯಾ. ಕರುಳಿನ ಬ್ಯಾಕ್ಟೀರಿಯಾ ಪ್ರೊಟೀನ್ ಒಡೆಯುವಾಗ ಅದು ಹುಟ್ಟುತ್ತದೆ. ಒಳ್ಳೆಯ ಲಿವರ್ ಅದನ್ನು ಯೂರಿಯಾ ಮಾಡಿ ಹೊರಗೆ ಕಳಿಸುತ್ತದೆ. ಕೆಟ್ಟ ಲಿವರ್ ಕೈಚೆಲ್ಲುತ್ತದೆ, ಅಮೋನಿಯಾ ಮಿದುಳು ಸೇರುತ್ತದೆ. ನಾವು ಕೊಡುವುದು ಲ್ಯಾಕ್ಟುಲೋಸ್ ಎಂಬ ಸಿಹಿ ಸಿರಪ್. ಅದನ್ನು ನಮ್ಮ ದೇಹ ಜೀರ್ಣಿಸಲಾರದು, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ತಿನ್ನುತ್ತವೆ. ತಿಂದು ಆಮ್ಲ ಮಾಡುತ್ತವೆ. ಆಮ್ಲದಲ್ಲಿ ಅಮೋನಿಯಾ ರಕ್ತಕ್ಕೆ ಹೋಗದ ರೂಪ ತಾಳಿ ಮಲದೊಂದಿಗೆ ಹೊರಬೀಳುತ್ತದೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲವಾಗಬೇಕು, ಅದೇ ಅಳತೆಗೋಲು. ಸಾಲದಿದ್ದರೆ ರಿಫಾಕ್ಸಿಮಿನ್ ಎಂಬ, ಬಹುತೇಕ ಕರುಳಿನಲ್ಲೇ ಉಳಿಯುವ ಆಂಟಿಬಯಾಟಿಕ್. ಎಷ್ಟೋ ಸಲ ಎರಡೇ ದಿನದಲ್ಲಿ ಅದೇ ಮನುಷ್ಯ ಅಂಥದ್ದೇ ಕಾಗದದಲ್ಲಿ 25ರವರೆಗೆ ಗೆರೆ ಎಳೆದು, “ಇದೇನು ಮಕ್ಕಳಾಟ?” ಎಂದು ನನ್ನ ಮೇಲೇ ರೇಗುತ್ತಾರೆ. ಆ ರೇಗಾಟ ಕೇಳೋಕೆ ನನಗೆ ಬಹಳ ಇಷ್ಟ.

ಗಮನಿಸಿ. ಹೊಟ್ಟೆಯ ಮೂಲಕ ಮಿದುಳನ್ನು ಸರಿಪಡಿಸಲು ನನ್ನ ಕೈಯಲ್ಲಿರುವ ಅತಿ ಗಟ್ಟಿ ಚಿಕಿತ್ಸೆ ಇದು. ಇಲ್ಲಿ ನಾವು ಹೊರಗಿನಿಂದ ಒಂದೇ ಒಂದು ಬ್ಯಾಕ್ಟೀರಿಯಾವನ್ನೂ ಸೇರಿಸುತ್ತಿಲ್ಲ. ಇರುವವುಗಳ ಊಟ, ಕೆಲಸ ಬದಲಿಸುತ್ತಿದ್ದೇವೆ.

ಹಾಗಿದ್ದರೆ ಆತಂಕಕ್ಕೆ ಬ್ಯಾಕ್ಟೀರಿಯಾ ನುಂಗುವ ಮಾತು ಎಲ್ಲಿಂದ ಬಂತು? ಇಲಿಗಳಿಂದ. 2004ರಲ್ಲಿ ಜಪಾನಿನ ಕ್ಯುಶು ವಿಶ್ವವಿದ್ಯಾಲಯದವರು, ಬ್ಯಾಕ್ಟೀರಿಯಾವೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಒತ್ತಡದ ಹಾರ್ಮೋನು ವಿಪರೀತ ಏರುವುದನ್ನು ಕಂಡರು. ಒಂದು ಬಿಫಿಡೊಬ್ಯಾಕ್ಟೀರಿಯಂ ಕೊಟ್ಟಾಗ ಅದು ಇಳಿಯಿತು. 2011ರಲ್ಲಿ ಐರ್ಲೆಂಡಿನ ಕಾರ್ಕ್ ವಿಶ್ವವಿದ್ಯಾಲಯದವರು ಕೆನಡಾದ ಸಂಶೋಧಕರ ಜೊತೆ ಸೇರಿ ‘ಜೆಬಿ-1’ ಎಂಬ ಲ್ಯಾಕ್ಟೊಬ್ಯಾಸಿಲಸ್ ತಳಿಯನ್ನು ಇಲಿಗಳಿಗೆ ಕೊಟ್ಟರು. ಇಲಿಗಳ ಅಂಜಿಕೆ ಕಡಿಮೆಯಾಯಿತು. ವೇಗಸ್ ನರ ಕತ್ತರಿಸಿದ ಇಲಿಗಳಲ್ಲಿ ಏನೂ ಆಗಲಿಲ್ಲ. ಎಷ್ಟು ಚೆಂದದ ಪ್ರಯೋಗ! ಓದಿದಾಗ ನಾನೂ ಕುಣಿದಾಡಿದ್ದೆ.

ಮುಂದಿನ ಭಾಗವನ್ನು ಡಬ್ಬಿಗಳು ಹೇಳುವುದಿಲ್ಲ. ಅದೇ ಕಾರ್ಕ್ ತಂಡ ಅದೇ ತಳಿಯನ್ನು 29 ಆರೋಗ್ಯವಂತ ಗಂಡಸರಿಗೆ ಕೊಟ್ಟಿತು. ನಾಲ್ಕು ವಾರ ಅದು, ನಾಲ್ಕು ವಾರ ಹುಸಿ ಮಾತ್ರೆ, ಅಂದರೆ ಔಷಧವೇ ಇಲ್ಲದ್ದು. 2017ರಲ್ಲಿ ಫಲಿತಾಂಶ ಬಂತು: ಹುಸಿ ಮಾತ್ರೆಗಿಂತ ಏನೂ ಹೆಚ್ಚಿಲ್ಲ. ತಮ್ಮದೇ ಹೆಮ್ಮೆಯ ಬ್ಯಾಕ್ಟೀರಿಯಾ ಮನುಷ್ಯರಲ್ಲಿ ಸೋತಿತು ಎಂದು ತಾವೇ ಪ್ರಕಟಿಸಿದರಲ್ಲ, ಅವರ ಬಗ್ಗೆ ನನಗೆ ಗೌರವವಿದೆ. ಖಿನ್ನತೆಯ ಔಷಧದ ಜೊತೆಗೆ ಪ್ರೋಬಯಾಟಿಕ್ ಕೊಟ್ಟಾಗ ಒಂದಿಷ್ಟು ಲಾಭ ಕಂಡ ಅಧ್ಯಯನಗಳೂ ಇವೆ. 2023ರಲ್ಲಿ ಲಂಡನ್ನಿನಿಂದ ಬಂದ ಒಂದರಲ್ಲಿ ಇದ್ದವರು 49 ಜನ, ಅವಧಿ ಎಂಟು ವಾರ. ಆಸೆ ಹುಟ್ಟಿಸುವಂಥದ್ದೇ. ಚೀಟಿ ಬರೆಯುವಷ್ಟು ಗಟ್ಟಿಯಲ್ಲ.

ತಳಿ ಅಂದೆನಲ್ಲ, ಅದು ಸಣ್ಣ ವಿಷಯವಲ್ಲ. ಕರುಳಿನ ಬ್ಯಾಕ್ಟೀರಿಯಾ ಇ. ಕೋಲಿಯನ್ನೇ ನೋಡಿ. ಅದರ ‘ನಿಸ್ಲೆ 1917’ ತಳಿ ಪ್ರೋಬಯಾಟಿಕ್ ಆಗಿ ಮಾರಾಟವಾಗುತ್ತದೆ. ‘ಒ157’ ತಳಿ ರಕ್ತಭೇದಿ ತಂದು ಕಿಡ್ನಿ ಕೆಡಿಸುತ್ತದೆ. ಹೆಸರು ಒಂದೇ, ಸ್ವಭಾವ ಬೇರೆ. ಹಾಗಾಗಿ ಡಬ್ಬಿಯ ಮೇಲೆ ‘ಲ್ಯಾಕ್ಟೊಬ್ಯಾಸಿಲಸ್’ ಎಂದಷ್ಟೇ ಇದ್ದರೆ ಏನು ತಿಳಿದ ಹಾಗಾಯ್ತು? ಕೋಟಿಗಳ ಲೆಕ್ಕವೂ ಅಷ್ಟೇ.

ಮತ್ತೆ ನಮ್ಮ ಹೆಣ್ಣುಮಗಳಿಗೆ ಬರೋಣ. ಡಬ್ಬಿ ತಿರುಗಿಸಿ ಸಣ್ಣಕ್ಷರ ಓದಿದೆ. ಎರಡರಲ್ಲಿ ಬ್ಯಾಕ್ಟೀರಿಯಾ ಜೊತೆಗೆ ಇನ್ಯುಲಿನ್ ಇತ್ತು. ಅದು ನಾರಿನಂಥ ಪದಾರ್ಥ. ಕೆಲವರ ಹೊಟ್ಟೆಯಲ್ಲಿ ಅದರಿಂದ ಗ್ಯಾಸ್ ಜೋರಾಗುತ್ತದೆ. ಮೂರನ್ನೂ ನಾಲ್ಕು ವಾರ ನಿಲ್ಲಿಸಿ ಎಂದೆ. ಆತಂಕಕ್ಕೆ ಮನೋವೈದ್ಯರ ಹೆಸರು ಬರೆದುಕೊಟ್ಟೆ.

ಅವರ ಮುಖ ಬಿತ್ತು. “ನೀವೂ ಎಲ್ಲಾ ತಲೆಯಲ್ಲೇ ಅಂತೀರಾ?”

ಹಾಗಲ್ಲ ಎಂದೆ. ರಸ್ತೆಗೆ ಎರಡು ದಿಕ್ಕು. ಹೊಟ್ಟೆನೋವು, ಭೇದಿ, ಮಲಬದ್ಧತೆ ಮರುಕಳಿಸುವ ಇರಿಟಬಲ್ ಬವೆಲ್‌ನಂಥ ತೊಂದರೆಗಳನ್ನು ನಾವು 2016ರಿಂದ ‘ಕರುಳು–ಮಿದುಳು ಸಂವಾದದ ತೊಂದರೆ’ ಎಂದೇ ಕರೆಯುತ್ತೇವೆ. ಖಿನ್ನತೆಗೆಂದು ಬಂದ ಹಳೆಯ ಔಷಧ ಅಮಿಟ್ರಿಪ್ಟಿಲಿನ್ ಅನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಅಂಥ ಹೊಟ್ಟೆಗೆ ಹುಸಿ ಮಾತ್ರೆಗಿಂತ ಹೆಚ್ಚು ಆರಾಮ ಸಿಗುತ್ತದೆ ಎಂದು 2023ರಲ್ಲಿ ಬ್ರಿಟನ್ನಿನ 463 ಜನರ ಅಧ್ಯಯನ ತೋರಿಸಿತು.

ಮೊನ್ನೆ ಮತ್ತೆ ಬಂದಿದ್ದರು. ಉಬ್ಬರ ಇಳಿದಿದೆ. ಮನೋವೈದ್ಯರ ಹತ್ತಿರ ಎರಡು ಸಲ ಹೋಗಿದ್ದಾರೆ, ನಿದ್ದೆ ಪರವಾಗಿಲ್ಲ. ಏಳುವಾಗ ಕೇಳಿದರು, “ಉಳಿದ ಡಬ್ಬಿ ಸುಮ್ನೆ ಹಾಳಾಗುತ್ತೆ. ಅಮ್ಮನಿಗೆ ಕೊಡಲಾ?”

“ಅಮ್ಮನಿಗೆ ಏನು ತೊಂದರೆ?”

“ಕೀಮೋ ನಡೀತಿದೆ.”

ಅವರನ್ನು ಮತ್ತೆ ಕೂರಿಸಿದೆ. ಒಳಗಿರುವುದು ಜೀವಂತ ಬ್ಯಾಕ್ಟೀರಿಯಾ. ಪ್ರತಿರೋಧ ಶಕ್ತಿ ಕುಸಿದವರಲ್ಲಿ ಅವು ಅಪರೂಪಕ್ಕೆ ರಕ್ತ ಸೇರಿದ್ದೂ ಇದೆ. 2008ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ತೀವ್ರ ಮೇದೋಜ್ಜೀರಕ ಉರಿಯೂತದ ರೋಗಿಗಳಿಗೆ ಪ್ರೋಬಯಾಟಿಕ್ ಕೊಟ್ಟು ನೋಡಿದರು. ತಗೊಂಡವರಲ್ಲಿ ಶೇ 16ರಷ್ಟು ಜನ ತೀರಿಕೊಂಡರು, ಹುಸಿ ಔಷಧ ತಗೊಂಡವರಲ್ಲಿ ಶೇ 6. ಕೀಮೋ ಕೊಡುತ್ತಿರುವ ವೈದ್ಯರನ್ನು ಕೇಳದೆ ಒಂದು ಕ್ಯಾಪ್ಸೂಲನ್ನೂ ಕೊಡಬೇಡಿ ಎಂದೆ.

ಚೀಲದಿಂದ ಎರಡು ಡಬ್ಬಿ ತೆಗೆದು ಮೇಜಿನ ಮೇಲಿಟ್ಟು ಹೋದರು. 5,000 ಕೋಟಿಯದು ಅರ್ಧ ತುಂಬಿತ್ತು.