ಪಾರ್ಕಿನ್ಸನ್: ನಡುಕ ಹುಡುಕುವ ಮುನ್ನ ನಿಧಾನವನ್ನು ನೋಡಿ

ಪಾರ್ಕಿನ್ಸನ್ ಅಂದರೆ ಕೈ ನಡುಗುವ ಕಾಯಿಲೆ ಎಂದುಕೊಂಡೇ ನಮ್ಮಲ್ಲಿ ಹೆಚ್ಚಿನವರು ವೈದ್ಯಕೀಯ ಓದು ಶುರುಮಾಡುತ್ತೇವೆ. ರೋಗ ತಡವಾಗಿ ಗೊತ್ತಾಗುವುದಕ್ಕೆ ಇದೂ ಒಂದು ಕಾರಣ. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಬರೆದ ಪ್ರಬಂಧದ ಶೀರ್ಷಿಕೆಯಲ್ಲೂ ನಡುಕವೇ ಇತ್ತು. ಇಂದಿನ ಮಾನದಂಡದಲ್ಲಿ ಇರಲೇಬೇಕಾದ ಲಕ್ಷಣ ಚಲನೆಯ ನಿಧಾನ, ಅಂದರೆ ಬ್ರಾಡಿಕೈನೇಷಿಯಾ. ಅದರ ಜೊತೆಗೆ ವಿಶ್ರಾಂತಿಯಲ್ಲಿನ ನಡುಕ ಅಥವಾ ಸ್ನಾಯುಬಿಗಿತ ಇರಬೇಕು. ನಡುಕವೇ ಇಲ್ಲದ ರೋಗಿಗಳು ಅಪರೂಪವಲ್ಲ.

ಒಳಗೆ ಆಗುವುದಿಷ್ಟು: ನಡುಮಿದುಳಿನ ಸಬ್‌ಸ್ಟಾನ್ಶಿಯಾ ನೈಗ್ರಾದಲ್ಲಿ ಚಲನೆಯನ್ನು ಹದದಲ್ಲಿಡುವ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ಸಾಯುತ್ತವೆ. ಉಳಿದ ಕೋಶಗಳಲ್ಲಿ ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನ್ ಮುದ್ದೆಗಟ್ಟುತ್ತದೆ. ಆ ಮುದ್ದೆಗಳೇ ಲೂಯಿ ಕಾಯಗಳು. ಚಲನೆಯ ತೊಂದರೆ ಕಣ್ಣಿಗೆ ಬೀಳುವ ಹೊತ್ತಿಗೆ ಈ ಕೋಶಗಳಲ್ಲಿ ದೊಡ್ಡ ಪಾಲು ಹೋಗಿರುತ್ತದೆ.

ಬೆರಳು ತಟ್ಟುವ ಪರೀಕ್ಷೆ

ಇದನ್ನು ಚೆನ್ನಾಗಿ ಕಲಿಯಿರಿ, ಬೇರೆ ಯಾವ ಪರೀಕ್ಷೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹೆಬ್ಬೆರಳಿಗೆ ತೋರುಬೆರಳನ್ನು ಸಾಧ್ಯವಾದಷ್ಟು ಅಗಲವಾಗಿ ತೆರೆದು, ಸಾಧ್ಯವಾದಷ್ಟು ಬೇಗ, 10 ಸಲ ತಟ್ಟಲು ಹೇಳಿ. ಒಮ್ಮೆಗೆ ಒಂದೇ ಕೈ. ಮೊದಲು ತೋರಿಸಿಕೊಡಿ, ಅವರು ಶುರುಮಾಡಿದ ಮೇಲೆ ನಿಮ್ಮ ಕೈ ನಿಲ್ಲಿಸಿ. ಇಲ್ಲದಿದ್ದರೆ ನಿಮ್ಮ ಲಯವನ್ನೇ ಅವರು ಹಿಡಿದುಬಿಡುತ್ತಾರೆ. ಬರೀ ನಿಧಾನವಾಗಿದ್ದರೆ ಸಾಲದು. ಸಂಧಿವಾತದಲ್ಲೂ ಲಕ್ವದ ನಂತರವೂ ಬೆರಳು ನಿಧಾನವಾಗುತ್ತದೆ. ಪಾರ್ಕಿನ್ಸನ್‌ನಲ್ಲಿ ತಟ್ಟುತ್ತ ಹೋದಂತೆ ಬೆರಳು ತೆರೆಯುವ ಅಂತರ ಕುಗ್ಗುತ್ತದೆ, ನಡುನಡುವೆ ತಡವರಿಸುತ್ತದೆ. ಮೂರ್ನಾಲ್ಕು ಸಲಕ್ಕೇ ನಿಲ್ಲಿಸಿದರೆ ಇದು ತಪ್ಪಿಹೋಗುತ್ತದೆ.

ಬಿಗಿತ ನೋಡುವಾಗ ರೋಗಿಯ ಮಣಿಕಟ್ಟನ್ನು ನೀವೇ ಮೆಲ್ಲಗೆ ಆಡಿಸಿ. ಸಂಶಯವಿದ್ದರೆ ಇನ್ನೊಂದು ಕೈಯನ್ನು ಮುಚ್ಚಿ ತೆರೆಯಲು ಹೇಳಿ, ಅಡಗಿದ ಬಿಗಿತ ಹೊರಬರುತ್ತದೆ.

ನಡುಕಕ್ಕೆ, ಕೈಗಳನ್ನು ತೊಡೆಯ ಮೇಲೆ ಸಡಿಲವಾಗಿ ಇರಿಸಿ 100ರಿಂದ ಹಿಂದಕ್ಕೆ ಎಣಿಸಲು ಹೇಳಿ. ಸೆಕೆಂಡಿಗೆ 4ರಿಂದ 6 ಸಲದ ನಡುಕ, ಹೆಚ್ಚಾಗಿ ಒಂದೇ ಕೈಯಲ್ಲಿ ಮೊದಲು ಕಾಣುತ್ತದೆ. ಲೋಟ ಎತ್ತುವಾಗ, ಬರೆಯುವಾಗ ಎರಡೂ ಕೈ ನಡುಗಿದರೆ ಎಸೆನ್ಶಿಯಲ್ ಟ್ರೆಮರ್ (ಕೆಲಸ ಮಾಡುವಾಗ ಕೈ ನಡುಗುವ ಬೇರೊಂದು ಕಾಯಿಲೆ) ನೆನಪಿಗೆ ಬರಬೇಕು. ಒಂದು ಎಚ್ಚರಿಕೆ: ಪಾರ್ಕಿನ್ಸನ್ ನಡುಕ ಕೈ ಚಾಚಿದೊಡನೆ ನಿಂತು, ಕೆಲವು ಸೆಕೆಂಡುಗಳ ನಂತರ ಮರಳಬಹುದು. ಆದ್ದರಿಂದ ಚಾಚಿದ ಕೈಯನ್ನು ಸ್ವಲ್ಪ ಹೊತ್ತು ನೋಡುತ್ತಿರಿ.

ಬೇರೆ ಹೆಸರಲ್ಲಿ ಬರುವ ಲಕ್ಷಣಗಳು

ಪಾರ್ಕಿನ್ಸನ್ನಿಂದ ಬಿಗಿಯಾದ ಭುಜಕ್ಕೆ ಹೆಪ್ಪುಗಟ್ಟಿದ ಭುಜ (ಫ್ರೋಜನ್ ಶೋಲ್ಡರ್) ಎಂದು ತಿಂಗಳುಗಟ್ಟಲೆ ಚಿಕಿತ್ಸೆಯಾಗಿರುತ್ತದೆ. ಮುಖದ ಭಾವ ಕಡಿಮೆಯಾದದ್ದು ಖಿನ್ನತೆ ಅನ್ನಿಸಿಕೊಳ್ಳುತ್ತದೆ. ನಡೆಯುವಾಗ ಒಂದು ತೋಳು ಬೀಸದಿರುವುದು, ಅಕ್ಷರ ಸಾಲಿನ ಕೊನೆಗೆ ಸಣ್ಣದಾಗುವುದು, ದನಿ ತಗ್ಗುವುದು ಇವೆಲ್ಲ "ವಯಸ್ಸಾಯಿತು" ಎಂಬ ಮಾತಿನಲ್ಲಿ ಮುಚ್ಚಿಹೋಗುತ್ತವೆ.

ಇನ್ನೂ ಹಿಂದಕ್ಕೆ ಕೇಳಿ. ಮಲಬದ್ಧತೆ, ವಾಸನೆ ತಿಳಿಯದಿರುವುದು, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೂಗುವುದು, ಒದೆಯುವುದು ವರ್ಷಗಳ ಮೊದಲೇ ಬರಬಹುದು. ಕೊನೆಯದನ್ನು ಪಕ್ಕದಲ್ಲಿ ಮಲಗುವವರಲ್ಲೇ ಕೇಳಬೇಕು, ರೋಗಿಗೆ ಹೆಚ್ಚಾಗಿ ಗೊತ್ತಿರುವುದಿಲ್ಲ. ಮಲಬದ್ಧತೆಯೊಂದರಿಂದಲೇ ಯಾರನ್ನೂ ಹೆದರಿಸಬೇಡಿ.

ಮಾತ್ರೆಗಳ ಪಟ್ಟಿ ನೋಡದೆ ಮುಂದೆ ಹೋಗಬಾರದು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಸಿನ್ನರಿಜಿನ್, ಮೈಗ್ರೇನ್‌ಗೆ ಫ್ಲುನಾರಿಜಿನ್, ಮನೋರೋಗಕ್ಕೆ ಹ್ಯಾಲೊಪೆರಿಡಾಲ್, ಇವು ಕೋಶಗಳ ಮೇಲೆ ಡೋಪಮೈನ್ ಕೂರುವ ಜಾಗಗಳನ್ನು (ಗ್ರಾಹಕಗಳನ್ನು) ತಡೆದು ಇದೇ ಲಕ್ಷಣಗಳನ್ನು ತರಬಹುದು. ವೈದ್ಯರ ಸಲಹೆಯಂತೆ ಬಿಟ್ಟ ಮೇಲೂ ಸರಿಹೋಗಲು ತಿಂಗಳುಗಳು ಬೇಕಾಗಬಹುದು.

ಎಂಆರ್‌ಐ ಸಹಜವಾಗಿದ್ದರೆ ಪಾರ್ಕಿನ್ಸನ್ ಇಲ್ಲ ಎನ್ನುವುದು ತಪ್ಪು. ಅದನ್ನು ಮಾಡಿಸುವುದು ಮುಖ್ಯವಾಗಿ ಬೇರೆ ಕಾರಣಗಳನ್ನು ಹೊರಗಿಡಲು. ಮಿದುಳಿನ ಡೋಪಮೈನ್ ನರತುದಿಗಳನ್ನು ತೋರಿಸುವ ಡ್ಯಾಟ್ ಸ್ಕ್ಯಾನ್ ಎಸೆನ್ಶಿಯಲ್ ಟ್ರೆಮರ್‌ನಿಂದ ಬೇರ್ಪಡಿಸಲು ನೆರವಾಗುತ್ತದೆ, ಆದರೆ ಪಾರ್ಕಿನ್ಸನ್‌ನಂತೆ ಕಾಣುವ ಮಿದುಳಿನ ಕೋಶಗಳು ನಶಿಸುವ ಇತರ ರೋಗಗಳಿಂದ ಖಚಿತವಾಗಿ ಬೇರ್ಪಡಿಸಲಾರದು. 40 ದಾಟದವರಲ್ಲಿ ವಿಲ್ಸನ್ ಕಾಯಿಲೆಯ (ದೇಹದಲ್ಲಿ ತಾಮ್ರ ಶೇಖರವಾಗುವ ಆನುವಂಶಿಕ ರೋಗ) ಪರೀಕ್ಷೆ ಬಿಡಬೇಡಿ.

ಕಾಯಿಲೆಯನ್ನು ನಿಲ್ಲಿಸುತ್ತದೆ ಎಂದು ಸಾಬೀತಾದ ಔಷಧ ಇನ್ನೂ ಇಲ್ಲ. ಆದರೂ ಬೇಗ ಗೊತ್ತಾದರೆ ತಪ್ಪು ಮಾತ್ರೆಗಳು ನಿಲ್ಲುತ್ತವೆ, ವ್ಯಾಯಾಮ ಶುರುವಾಗುತ್ತದೆ, ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಔಷಧದಿಂದ ದಿನದ ಕೆಲಸ ಸುಲಭವಾಗುತ್ತದೆ. ನರರೋಗ ತಜ್ಞರ ಬಳಿ ಹೋಗುವವರು ನಡಿಗೆಯ ವಿಡಿಯೊ, ಹಳೆಯ ಮತ್ತು ಹೊಸ ಕೈಬರಹ, ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಲಿ. ಮೊದಲ ಮೂರು ವರ್ಷದೊಳಗೆ ಪದೇಪದೇ ಬೀಳುವುದು, ಸಾಕಷ್ಟು ಲೆವೊಡೋಪಾ ಕೊಟ್ಟರೂ ಫಲ ಕಾಣದಿರುವುದು, ಕಣ್ಣು ಮೇಲೆ ಕೆಳಗೆ ಸರಿಯಾಗಿ ಹೊರಳದಿರುವುದು ಕಂಡರೆ ರೋಗಕ್ಕೆ ಇಟ್ಟ ಹೆಸರನ್ನೇ ಮತ್ತೆ ಪರಿಶೀಲಿಸಬೇಕು.