ಕರಾವಳಿ ಹೆದ್ದಾರಿಯಲ್ಲಿ ವೇಗ ಹೆಚ್ಚಿದ್ದು ಹೇಗೆ?

ಕಾರವಾರದಿಂದ ಭಟ್ಕಳದವರೆಗೆ ಎಲ್ಲೇ ಅಪಘಾತವಾಗಲಿ, ಮೊದಲು ಬರುವ ಮಾತು "ಡ್ರೈವರ್ ಜೋರಾಗಿ ಬಂದ" ಅಂತ. ಬಂದಿರಬಹುದು. ಆದರೆ ಅಷ್ಟು ಜೋರಾಗಿ ಬರಲು ಬಿಡುವ ರಸ್ತೆ ಊರೊಳಗೆ ಹೇಗೆ ಬಂತು ಅಂತ ಕೇಳುವವರು ಕಡಿಮೆ.

ಒಂದು ಕಾಲದಲ್ಲಿ ಇಲ್ಲಿ ವಾಹನ ನಿಲ್ಲಿಸುತ್ತಿದ್ದುದು ಹೊಳೆಗಳು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಎಲ್ಲವೂ ಘಟ್ಟದಿಂದ ಇಳಿದು ದಾರಿಗೆ ಅಡ್ಡ ಹರಿಯುತ್ತವೆ. ಸೇತುವೆ ಇಲ್ಲದಾಗ ತಾರಿಗೆ, ಅಂದರೆ ಹೊಳೆ ದಾಟಿಸುವ ದೋಣಿಗೆ, ಕಾಯಬೇಕಿತ್ತು. ಕಾರವಾರದಲ್ಲಿ ಕಾಳಿಗೆ ಸೇತುವೆ ಬಂದದ್ದು 1980ರ ದಶಕದಲ್ಲಿ. 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಲಾರಿ ಸಮೇತ ಕುಸಿದದ್ದು ಅದೇ ಸೇತುವೆ.

ಸೇತುವೆಗಳಾದ ಮೇಲೂ ಹಳೇ ಹೆದ್ದಾರಿ 17ರಲ್ಲಿ ಓಡಿಸುವುದು ಸುಲಭವಿರಲಿಲ್ಲ. ತಿರುವು, ಮಳೆಗಾಲದ ಹೊಂಡ, ಪೇಟೆಯ ಜನ, ಮಲಗಿದ ದನ. ಬೈದುಕೊಂಡೇ ನಿಧಾನ ಹೋಗುತ್ತಿದ್ದೆವು.

ಆಮೇಲೆ ಅದಿರು ಲಾರಿಗಳ ಕಾಲ ಬಂತು. 2000ರ ನಂತರದ ಆ ಕೆಲವು ವರ್ಷ ಬಳ್ಳಾರಿ, ಹೊಸಪೇಟೆ ಕಡೆಯಿಂದ ಯಲ್ಲಾಪುರ, ಅರಬೈಲ್ ಘಟ್ಟದ ಮೇಲೆ ಬೇಲೆಕೇರಿ ಬಂದರಿಗೆ ಸಾಲುಸಾಲು ಲಾರಿ. ದುಡ್ಡು ಟ್ರಿಪ್ ಲೆಕ್ಕದಲ್ಲಿ. ಒಂದು ಟ್ರಿಪ್ ಜಾಸ್ತಿ ಹೊಡೆದರೆ ಒಂದಿಷ್ಟು ಹೆಚ್ಚು ಕಾಸು, ಹೀಗಿರುವಾಗ ಘಟ್ಟದಲ್ಲಿ ನಿಧಾನ ಇಳಿ ಅಂತ ಬೋರ್ಡ್ ಹಾಕಿದರೆ ಯಾರು ಓದುತ್ತಾರೆ? 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿದ ಮೇಲೆ ಆ ಸಾಲು ಕರಗಿತು. ಟ್ರಿಪ್ ಲೆಕ್ಕ ಮಾತ್ರ ಬೇರೆ ಬೇರೆ ಸರಕಿನಲ್ಲಿ ಉಳಿದುಕೊಂಡಿತು. ಮೀನು ಲಾರಿಯೂ ಅಷ್ಟೇ, ಐಸ್ ಕರಗುವ ಮೊದಲು ಮುಟ್ಟಬೇಕು. ಅದರಿಂದ ಸೋರುವ ನೀರಿನಲ್ಲಿ ಬೈಕ್ ಜಾರುವುದು ಬೇರೆ ಕಥೆ.

ಹೆದ್ದಾರಿಯ ನಂಬರು 17 ಹೋಗಿ 66 ಆಯಿತು, ರಸ್ತೆ ಚತುಷ್ಪಥವಾಯಿತು. ಕಾರವಾರ ಬಿಣಗಾ ನಡುವೆ ಗುಡ್ಡ ಕೊರೆದು ಸುರಂಗವಾಯಿತು. ಬೇಕಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ರಸ್ತೆ ಅಗಲವಾದಷ್ಟು ಊರು ದೂರ ಸರಿಯಲಿಲ್ಲ. ಶಾಲೆ ಈಚೆ, ಮನೆ ಆಚೆ. ಡಿವೈಡರ್ ತೆರೆದ ಜಾಗ ದೂರವಿದ್ದರೆ ಸ್ಕೂಟರ್ ರಾಂಗ್ ಸೈಡಲ್ಲಿ ಬರುತ್ತದೆ, ನಡೆಯುವವರು ಡಿವೈಡರ್ ಹತ್ತಿ ದಾಟುತ್ತಾರೆ. ಅಗಲ, ನೇರ ರಸ್ತೆ ಕಂಡರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ, ಬೋರ್ಡಿನಲ್ಲಿ ಏನೇ ಬರೆದಿರಲಿ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ದಾಟುವವರನ್ನು ನೋಡಿ ಬ್ರೇಕ್ ಮೇಲೆ ಕಾಲಿಡಲು ಒಂದು ಸೆಕೆಂಡ್ ಹೋಯಿತು ಅಂದುಕೊಳ್ಳಿ. ಒಣ ರಸ್ತೆ, ಒಳ್ಳೆ ಟೈರು. 50 ಕಿಮೀ ವೇಗದಲ್ಲಿದ್ದ ಕಾರು ಸುಮಾರು 28 ಮೀಟರಿನಲ್ಲಿ ನಿಲ್ಲುತ್ತದೆ. 100ರಲ್ಲಿದ್ದರೆ? ಸುಮಾರು 84 ಮೀಟರ್. ವೇಗ ಎರಡು ಪಟ್ಟಾದರೆ ಗುದ್ದುವ ಶಕ್ತಿ ನಾಲ್ಕು ಪಟ್ಟು, ಅದನ್ನು ಕರಗಿಸಲು ಬ್ರೇಕ್ ಒತ್ತಿದ ಮೇಲಿನ ದೂರವೂ ನಾಲ್ಕು ಪಟ್ಟು ಬೇಕು. ಇದು ಒಣ ರಸ್ತೆಯ ಲೆಕ್ಕ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಒಣಗುವುದೇ ಅಪರೂಪ ಅಲ್ವಾ? ಸರಾಸರಿ ವೇಗ ಶೇ 1 ಏರಿದರೆ ಸಾವು ತರುವ ಅಪಘಾತದ ಸಾಧ್ಯತೆ ಶೇ 4 ಏರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 1,68,491 ಜನ. ಅದರಲ್ಲಿ ಶೇ 71ರಷ್ಟು ಸಾವು ಅತಿವೇಗದ ಲೆಕ್ಕಕ್ಕೆ ಹೋಗಿದೆ.

ಕಾನೂನು ಏನು ಮಾಡಿತು? 2018ರ ಕೇಂದ್ರದ ಅಧಿಸೂಚನೆ ವಿಭಜಕವಿರುವ ಚತುಷ್ಪಥದಲ್ಲಿ ಕಾರಿಗೆ 100 ಕಿಮೀ, ಪಟ್ಟಣದೊಳಗೆ 70 ಎಂದಿತು. ಪೇಟೆ ಬದಿಯ ರಸ್ತೆಯಲ್ಲಿ 70 ಅಂದರೆ ನನ್ನ ಪ್ರಕಾರ ವಿಪರೀತ. ರಸ್ತೆ ಸುರಕ್ಷತೆ ಬಗ್ಗೆ ದೇಶಗಳು ಸೇರಿ ಹೊರಡಿಸಿದ 2020ರ ಸ್ಟಾಕ್‌ಹೋಮ್ ಘೋಷಣೆ ಜನ, ಸೈಕಲ್, ವಾಹನ ಬೆರೆಯುವ ಕಡೆ 30 ಸಾಕು ಎಂದಿದೆ. ಹೆದ್ದಾರಿಗೆ 30 ಆಗದು, ಒಪ್ಪೋಣ. ಸರ್ವಿಸ್ ರಸ್ತೆಗೆ, ಶಾಲೆ ಬೀದಿಗೆ ಯಾಕಾಗದು?

ನಾವು ಕಂಡುಕೊಂಡ ಸುಲಭ ಮದ್ದು ಹಂಪ್ ಮತ್ತು ಬ್ಯಾರಿಕೇಡ್. ಅಪಘಾತವಾಯಿತು, ಜನ ರಸ್ತೆ ತಡೆದರು, ಮರುದಿನ ಹಂಪ್ ಬಂತು. ರಸ್ತೆಗಳ ಮಾನದಂಡ ಬರೆಯುವ ಸಂಸ್ಥೆ ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಹಂಪ್ ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ನಿಧಾನ ಬಂದರೆ ಸಲೀಸಾಗಿ ದಾಟಬಹುದು. ಊರಲ್ಲಿ ಸಿಗುವುದು ಗಿಡ್ಡ ಗೋಡೆಯಂಥದ್ದು, ಬಣ್ಣವೂ ಇಲ್ಲ. ಹಗಲು ಸೊಂಟ ಮುರಿಯುತ್ತದೆ, ರಾತ್ರಿ ಬೈಕಿನವರನ್ನು ಕೆಡವುತ್ತದೆ. ಹೆದ್ದಾರಿಯಲ್ಲಿ ಹಂಪ್ ಇರಲೇಬಾರದು ಅನ್ನುವುದು ಕೇಂದ್ರದ ನಿಲುವು, ಹಾಗಾಗಿ ಅಲ್ಲಿ ಬ್ಯಾರಿಕೇಡ್ ಅಡ್ಡಡ್ಡ ಇಡುತ್ತಾರೆ. ಮಳೆಯಲ್ಲಿ, ಕತ್ತಲಲ್ಲಿ ಅದು ಕಾಣುವುದೇ ಹತ್ತಿರ ಬಂದ ಮೇಲೆ.

ಕ್ಯಾಮೆರಾ ಒಳ್ಳೆಯದೇ. ಆದರೆ ಒಂದೇ ಜಾಗದ ಕ್ಯಾಮೆರಾ ಮುಂದೆ ಎಲ್ಲರೂ ಸಭ್ಯರು, ದಾಟಿದ ಕೂಡಲೇ ಮತ್ತೆ ಅದೇ ವೇಗ. ಎರಡು ಕಡೆ ಕ್ಯಾಮೆರಾ ಇಟ್ಟು ನಡುವಿನ ಸಮಯ ಅಳೆದರೆ ಆ ಆಟ ನಡೆಯದು. ಅಂಕೋಲಾ, ಕುಮಟಾ, ಹೊನ್ನಾವರದಂಥ ಊರಿನ ಎರಡು ತುದಿಗೆ ಇದು ಹೇಳಿ ಮಾಡಿಸಿದ್ದು. ಮಿತಿ ಇಳಿಸಲು ಹೊಸ ಕಾನೂನೂ ಬೇಡ. ಮೋಟಾರು ವಾಹನ ಕಾಯ್ದೆಯ 112ನೇ ಕಲಂ ಪ್ರಕಾರ ರಾಜ್ಯ ಸರ್ಕಾರ, ಅಥವಾ ಅದು ಅಧಿಕಾರ ಕೊಟ್ಟವರು, ಒಂದು ರಸ್ತೆಗೋ ಸೇತುವೆಗೋ ಬೇರೆಯೇ ಮಿತಿ ಹಾಕಬಹುದು. ಅಧಿಸೂಚನೆ ಹೊರಡಿಸಿ ಫಲಕ ನೆಡಬೇಕು, ಅಷ್ಟೇ. ಹಂಪ್ ಬೇಕು ಅಂತ ರಸ್ತೆಗೆ ಇಳಿಯುವವರು ಮುಂದಿನ ಮನವಿಯಲ್ಲಿ ಇದನ್ನೂ ಬರೆಯಬಹುದು.