ಬೂತಾಯಿ ಎಷ್ಟು ದೊಡ್ಡದಾದ ಮೇಲೆ ಹಿಡಿಯಬೇಕು? ಇಳುವರಿಯ ಲೆಕ್ಕ

ಮೀನುಗಾರಿಕೆ ನಿರ್ವಹಣೆಯಲ್ಲಿ ಸೂತ್ರಗಳು ಜಾಸ್ತಿ. ಆದರೆ ಇಳುವರಿಯ ಲೆಕ್ಕ ನಿಂತಿರುವುದು ಎರಡೇ ಸಂಗತಿಗಳ ಮೇಲೆ. ಒಂದೊಂದು ಮೀನಿನ ತೂಕ ಏರುತ್ತಾ ಹೋಗುತ್ತದೆ, ಬದುಕಿರುವ ಮೀನುಗಳ ಸಂಖ್ಯೆ ಇಳಿಯುತ್ತಾ ಹೋಗುತ್ತದೆ. ನಮ್ಮ ಕರಾವಳಿಯ ಬೂತಾಯಿಯನ್ನೇ (ಎಣ್ಣೆ ಸಾರ್ಡೀನ್ ಮೀನು) ಇಟ್ಟುಕೊಂಡು ನೋಡೋಣ.

ಬೆಳವಣಿಗೆಗೆ ವಾನ್ ಬೆರ್ಟಲಾನ್‌ಫಿ ಸೂತ್ರ:

ಉದ್ದ = ಗರಿಷ್ಠ ಉದ್ದ × (1 − ಇ^(−ಕೆ × ವಯಸ್ಸು))

ಇ ಎಂದರೆ ಸುಮಾರು 2.718 ಎಂಬ ಸ್ಥಿರ ಸಂಖ್ಯೆ, ಕೆ ಎಂದರೆ ಬೆಳವಣಿಗೆಯ ದರ. ಕೆ ಹೆಚ್ಚಿದ್ದಷ್ಟೂ ಮೀನು ಬೇಗ ಗರಿಷ್ಠ ಉದ್ದದ ಹತ್ತಿರ ಬರುತ್ತದೆ. (ಪೂರ್ತಿ ಸೂತ್ರದಲ್ಲಿ ವಯಸ್ಸಿನಿಂದ ಟಿ-ಸೊನ್ನೆ ಎಂಬ ಅಂಕಿ ಕಳೆಯುತ್ತಾರೆ, ಇಲ್ಲಿ ಅದು 0 ಇರಲಿ.) ಲೆಕ್ಕ ಸುಲಭವಾಗಲಿ ಅಂತ ಗರಿಷ್ಠ ಉದ್ದ 22 ಸೆಂ.ಮೀ., ಗರಿಷ್ಠ ತೂಕ 100 ಗ್ರಾಂ, ಕೆ ವರ್ಷಕ್ಕೆ 1 ಎಂದಿಟ್ಟುಕೊಳ್ಳಿ. 6 ತಿಂಗಳಿಗೆ 8.7 ಸೆಂ.ಮೀ., 1 ವರ್ಷಕ್ಕೆ 13.9 ಸೆಂ.ಮೀ. ತೂಕ ಉದ್ದದ ಘನಕ್ಕೆ ತಕ್ಕಂತೆ ಏರುವುದರಿಂದ ಅದು 6 ಗ್ರಾಂನಿಂದ 25 ಗ್ರಾಂಗೆ ಹೋಗುತ್ತದೆ. ಉದ್ದ ಎರಡು ಪಟ್ಟೂ ಆಗಿಲ್ಲ, ತೂಕ ನಾಲ್ಕು ಪಟ್ಟು!

ಈಗ ಸಾವು ಸೇರಿಸೋಣ. ದೊಡ್ಡ ಮೀನು ತಿನ್ನುತ್ತದೆ, ರೋಗ ಬರುತ್ತದೆ. ಈ ಸಹಜ ಸಾವಿನ ದರ ಎಂ ಕೂಡ ವರ್ಷಕ್ಕೆ 1 ಇರಲಿ. ದರ 1 ಎಂದರೆ ಎಲ್ಲವೂ ಸತ್ತವು ಅಂತಲ್ಲ, ಉಳಿಯುವ ಪಾಲು ಇ^(−ಎಂ × ವಯಸ್ಸು). 1000 ಮರಿಗಳಲ್ಲಿ 1 ವರ್ಷಕ್ಕೆ ಉಳಿಯುವುದು 368, 2 ವರ್ಷಕ್ಕೆ 135. ಬದುಕಿರುವ ಮೀನುಗಳ ಒಟ್ಟು ತೂಕ ಹೀಗೆ ಬರುತ್ತದೆ:

6 ತಿಂಗಳು: 3.7 ಕೆ.ಜಿ.
1 ವರ್ಷ: 9.3 ಕೆ.ಜಿ.
ಒಂದೂವರೆ ವರ್ಷ: 10.5 ಕೆ.ಜಿ.
2 ವರ್ಷ: 8.7 ಕೆ.ಜಿ.

ತೂಕ ಏರಿ ಮತ್ತೆ ಇಳಿಯಿತು, ಅಲ್ವಾ? ಸರಿಯಾಗಿ ಲೆಕ್ಕ ಹಾಕಿದರೆ ಶಿಖರ ಸುಮಾರು 17 ತಿಂಗಳಿಗೆ ಸಿಗುತ್ತದೆ. ಎಂ ಅನ್ನು 2 ಮಾಡಿ ನೋಡಿ, ಶಿಖರ 11 ತಿಂಗಳಿಗೇ ಬಂದುಬಿಡುತ್ತದೆ. ಸಮುದ್ರದಲ್ಲಿ ಅಳೆಯಲು ತುಂಬಾ ಕಷ್ಟವಾದದ್ದೂ ಇದೇ ಎಂ. ಅದಕ್ಕೇ ಯಾವ ವರದಿ ಓದಿದರೂ ನಾನು ಮೊದಲು ಹುಡುಕುವುದು ಎಂ ಎಲ್ಲಿಂದ ಬಂತು ಅಂತ.

ಕೇರಳದಲ್ಲಿ 10 ಸೆಂ.ಮೀ.ಗಿಂತ ಚಿಕ್ಕ ಬೂತಾಯಿ ಹಿಡಿಯುವಂತಿಲ್ಲ. ನಮ್ಮ ಮೊದಲ ಲೆಕ್ಕದ ಪ್ರಕಾರ 10 ಸೆಂ.ಮೀ. ಮೀನಿಗೆ 7 ತಿಂಗಳು ವಯಸ್ಸು, ಆಗ ಒಟ್ಟು ತೂಕ ಶಿಖರದ ಅರ್ಧದಷ್ಟು. ಅಂದರೆ ಆ ನಿಯಮ ತೀರಾ ಮರಿಗಳನ್ನು ಉಳಿಸುತ್ತದೆ, ಪೂರ್ತಿ ಇಳುವರಿ ಕೊಡಿಸುವುದಿಲ್ಲ. ಅಷ್ಟಾದರೂ ಬೇಕೇ ಬೇಕು. ಮರಿಮೀನು ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆಗೆ ಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

1957ರಲ್ಲಿ ಬ್ರಿಟನ್ನಿನ ಮೀನುಗಾರಿಕಾ ವಿಜ್ಞಾನಿಗಳಾದ ಬೆವರ್ಟನ್ ಮತ್ತು ಹೋಲ್ಟ್ ಇದೇ ಯೋಚನೆಗೆ ಬಲೆಯಿಂದಾಗುವ ಸಾವನ್ನೂ ಸೇರಿಸಿ, ಒಂದು ಮರಿಗೆ ಎಷ್ಟು ಇಳುವರಿ ಎಂದು ಲೆಕ್ಕ ಕೊಟ್ಟರು. ಒಂದು ಮರಿಗೆ ಎಂಬುದನ್ನು ಮರೆಯಬೇಡಿ. ವರ್ಷಕ್ಕೆ ಎಷ್ಟು ಮರಿ ಹುಟ್ಟುತ್ತವೆ ಎಂದು ಈ ಮಾದರಿ ಹೇಳುವುದೇ ಇಲ್ಲ. ಬೂತಾಯಿಯ ವಿಷಯದಲ್ಲಿ ಅದೇ ದೊಡ್ಡ ಪ್ರಶ್ನೆ. ಮಳೆಗಾಲ, ಕಡಲ ತಳದಿಂದ ಮೇಲೇಳುವ ತಣ್ಣನೆಯ ನೀರು, ಆಹಾರದ ಪಾಚಿ ಎಲ್ಲವೂ ಕೂಡಿಬಂದರೆ ಮಾತ್ರ ಮರಿ ಉಳಿಯುತ್ತವೆ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,500 ಟನ್‌ಗಿಂತಲೂ ಕಡಿಮೆ. ಇಷ್ಟು ದೊಡ್ಡ ಕುಸಿತವನ್ನು ಬಲೆಯ ಕಣ್ಣಿನ ಅಳತೆಯೊಂದರಿಂದಲೇ ವಿವರಿಸಲಾಗದು. ಹಾಗಾಗಿ ಮರಿಗಳ ಸಂಖ್ಯೆಯನ್ನು ವರ್ಷ ವರ್ಷವೂ ಬೇರೆಯಾಗಿಯೇ ಅಂದಾಜು ಮಾಡಿ ಈ ಲೆಕ್ಕಕ್ಕೆ ಗುಣಿಸಬೇಕು.